ಕೈಯಲ್ಲೊಂದು

ಕಿಟ್ವೆಯಲ್ಲಿ ಆ ವಾರ ಕರೆಂಟು ದಿನಕ್ಕೆ ನಾಲ್ಕೇ ಗಂಟೆ,
ಅದೂ ನಟ್ಟಿರುಳಲ್ಲಿ.
ಲ್ಯಾಬಿನ ಮೂವತ್ತು ಪರದೆಗಳೂ ಕಪ್ಪು.
ಸಿಯಾಮೆ ಮೇಡಂ ಚಿತೆಂಗೆ ಬಟ್ಟೆಯನ್ನು ಸೊಂಟಕ್ಕೆ ಬಿಗಿದು
"ಏಳಿ" ಎಂದರು, "ಪ್ರೊಸೆಸರ್ ಹೊರಗಿದೆ."

ಮಾವಿನ ಮರದಡಿ ಕಾವಲಿನವರು ನ್ಸೋಲೊ ಆಡಲು
ನೆಲದಲ್ಲೇ ತೋಡಿಕೊಂಡ ಗುಳಿಗಳ ನಾಲ್ಕು ಸಾಲು,
ಮಣೆಯಿಲ್ಲದ ಅಳಗುಳಿ.
ಅದೇ ಮೆಮೊರಿಯಂತೆ.
ಹರಳಿದ್ದರೆ ಒಂದು, ಬರಿದಾಗಿದ್ದರೆ ಸೊನ್ನೆ.

ನಮುಕೋಲೊ ರಿಜಿಸ್ಟರು:
ಅಂಗೈಗೆ ಹಿಡಿದಷ್ಟೇ ಅವಳ ಪ್ರಪಂಚ.
ಚಿಲೇಶೆ ಬಸ್ಸು:
ಗುಳಿಯಿಂದ ಕೈಗೆ, ಕೈಯಿಂದ ಗುಳಿಗೆ ಓಡಿ ಓಡಿ ಬೆವೆತು
"ಟಿಕೆಟ್ಟು ಕೊಳ್ಳುವವರೇ ಇಲ್ಲ" ಎಂದು ಗೊಣಗಿದ.
ಕಪೆಂಬ್ವಾನಿಗೆ ಎಲ್ಲಕ್ಕಿಂತ ಹಗುರ ಕೆಲಸ,
ಕೂಡುವಾಗ ಮಿಕ್ಕದ್ದನ್ನು
ಕೈಯಲ್ಲೊಂದು ಎಂದು ಹಿಡಿದು
ಮುಂದಿನ ಮನೆಗೆ ದಾಟಿಸುವುದು.
ನಾನು ಪ್ರೋಗ್ರಾಂ ಕೌಂಟರು.
ಮುಂದಿನದು ಯಾವುದೆಂದು ಕೂಗಬೇಕು,
ಯಾಕೆಂದು ಕೇಳಕೂಡದು.

ಮೂರಕ್ಕೆ ಐದು ಕೂಡಿಸಲು ಹತ್ತೊಂಬತ್ತು ನಿಮಿಷ.
ಉತ್ತರ ಆರು.

ಗುಳಿ ತಡಕಿದೆವು, ಹರಳು ಎಣಿಸಿದೆವು, ಚಿಲೇಶೆಯ ಜೇಬು ಝಾಡಿಸಿದೆವು.
ಕಪೆಂಬ್ವಾ ಕಾಂಡಕ್ಕೊರಗಿ ನಿದ್ದೆ ಹೋಗಿದ್ದ,
ಪೆಟ್ರೋಲ್ ಬಂಕಿನ ರಾತ್ರಿಪಾಳಿ ಮುಗಿಸಿ ನೇರ ತರಗತಿಗೆ ಬಂದವನು.
ಬಿಗಿದ ಮುಷ್ಟಿಯೊಳಗೆ ಬೆಚ್ಚಗೆ
ಆ ಒಂದು.
ಮೇಡಂ ಎಬ್ಬಿಸಗೊಡಲಿಲ್ಲ.
"ಇದಕ್ಕೆ ಸ್ಟಾಲ್ ಅನ್ನುತ್ತಾರೆ, ಬರಕೊಳ್ಳಿ," ದನಿ ತಗ್ಗಿಸಿ ಹೇಳಿದರು,
"ಒಬ್ಬ ತಡವಾದರೆ ಸಾಲೆಲ್ಲ ಕಾಯಬೇಕು."
ಕಾದೆವು.
ಬಿಳಿಯೆದೆಯ ಕಾಗೆಯೊಂದು ಇಳಿದು ಬಂದು
ಮೆಮೊರಿಯಲ್ಲಿ ಕಾಳು ಹುಡುಕಿ ಹೋಯಿತು.

ಎರಡನೆಯ ಸೆಮಿಸ್ಟರಿಗೆ ನೆಟ್‌ವರ್ಕು.
ಕರೆಂಟು ಬಂತು, ಬೇರೆ ಪೀಡೆ ಹತ್ತಿತು.
ಕೊನೆಯ ಮೆಷಿನ್ನಿಗೆ ಹತ್ತು ಪ್ಯಾಕೆಟ್ಟು ಕಳಿಸಿದರೆ
ಆರಕ್ಕೆ ಉತ್ತರ, ಒಳ್ಳೆಯ ದಿನ ಏಳಕ್ಕೆ.
ಮಿಕ್ಕವು ಎಲ್ಲಿ ಬಿದ್ದವೋ.
ಬಿದ್ದವೆಂದು ತಿಳಿಯುವುದೂ
ಯಾರೂ ಓಗೊಡದೆ ಇದ್ದಾಗಲೇ.
ಸ್ವಿಚ್ಚಿಗೆ ಬೈದೆವು, ಪ್ರೋಟೊಕಾಲಿಗೆ ಬೈದೆವು,
ಮೂರನೆಯ ವಾರ ನಮುಕೋಲೊ ನನಗೇ ಬೈದಳು.

ಶನಿವಾರ ಆ ಕೇಬಲ್ಲಿನದೇ ಮಾರುದ್ದ ತುಂಡು
ಚೀಲಕ್ಕೆ ತುರುಕಿ ಮನೆಗೆ ಒಯ್ದೆ, ತುದಿ ಕಟ್ಟುವ ಅಭ್ಯಾಸಕ್ಕೆ:
ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ,
ಬಿಳಿನೀಲಿ, ಹಸಿರು, ಬಿಳಿಕಂದು, ಕಂದು,
ಮಗ್ಗಿಯ ಹಾಗೆ ಬಾಯಿಪಾಠ.
ಅಪ್ಪ ಅಂಗಳದಲ್ಲಿದ್ದ.
ನ್ಕಾನಾದ ಗಣಿಗೆ ಇಪ್ಪತ್ತಾರು ವರ್ಷ ಇಳಿದು ಹತ್ತಿದವನು.
ನ್ಶಿಮಾ ತಿಂದ ಕೈ ತೊಳೆದು ಬಂದು
ಎಳೆಯೊಂದನ್ನು ಎತ್ತಿ ಬೆರಳ ಮೇಲೆ ತೂಗಿದ.
ಬಾಗಿಸಿದ. ನೆಟ್ಟಗೆ ಮಾಡಿದ. ಬಾಗಿಸಿದ.
ಪಟಕ್ಕನೆ ಮುರಿಯಿತು.
ಚಾಕು ತಂದು ಹೆರೆದರೆ
ಕೆಂಪು ಸಿಪ್ಪೆಯೊಳಗೆ ಬೆಳ್ಳಗೆ.

"ತಾಮ್ರವಲ್ಲ ಮಗಳೇ ಇದು.
ಅಲ್ಯುಮಿನಿಯಮ್ಮಿಗೆ ತಾಮ್ರದ ಅಂಗಿ."

ನಮ್ಮ ಕಾಲಡಿಯೆಲ್ಲ ತಾಮ್ರ.
ಅವನ ಬೂಟಿನಲ್ಲಿ, ಚರಂಡಿ ನೀರಿನ ಹಸಿರಿನಲ್ಲಿ,
ಇರುಳಿನ ಕೆಮ್ಮಿನಲ್ಲಿ.
ರೈಲು ತುಂಬಿ ಹೋಗುತ್ತದೆ, ಯಾರದೋ ಗೋಡೆಯೊಳಗೆ ಮಲಗುತ್ತದೆ.
ನಾವು ಅದರ ನೆತ್ತಿಯ ಮೇಲೆ ಕೂತು
ಪೇಟೆಯಲ್ಲಿ ಚೌಕಾಶಿಗೆ ಸಿಕ್ಕ ಹುಸಿತಂತಿಯಲ್ಲಿ
'ಇದ್ದೀಯಾ' ಎಂದು ಕೇಳುತ್ತಿದ್ದೆವು, ಮೂರು ಗಜದಾಚೆಯ ಮೆಷಿನ್ನನ್ನು.
ನಗು ಬಂತು. ಅಪ್ಪನಿಗೆ ಬರಲಿಲ್ಲ.
"ಎಷ್ಟು ಕೊಟ್ಟರು ಇದಕ್ಕೆ?" ಎಂದ.
ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದ.

ಸೋಮವಾರ ತಂತಿ ಬದಲಾಯಿಸಿದೆವು.
ಕಪೆಂಬ್ವಾ ಕಣ್ಣುಜ್ಜಿಕೊಳ್ಳುತ್ತ ಬೆಂಬಾದಲ್ಲಿ ಎಣಿಸಿದ,
ಹತ್ತಕ್ಕೆ ಹತ್ತು.

ವರದಿಯ ಕೊನೆಗೆ ಆಕರ ಬರೆಯಬೇಕಿತ್ತು.
ಅಪ್ಪನ ಹೆಸರು ಬರೆದೆ, ಮುಂದೆ
ನ್ಕಾನಾ, ಇಪ್ಪತ್ತಾರು ವರ್ಷ.
ಸಿಯಾಮೆ ಮೇಡಂ ಅರ್ಧ ಅಂಕ ಕಳೆದಿದ್ದರು,
ಅಂಚಿನಲ್ಲಿ ಕೆಂಪು ಶಾಯಿ:
ಪುಟಸಂಖ್ಯೆ ಎಲ್ಲಿ?